ಹೆಸರು ಹೇಳಿಲ್ಲವಲ್ಲ

ಜೂನ್ 10, ಮಂಗಳವಾರ. ಬೆಳಿಗ್ಗೆ 8.10

ಆರು ಗಂಟೆಯ ಯೋಗ ಕ್ಲಾಸಿಗೆ ಹೋಗಿ ಬಂದೆ. ಇಪ್ಪತ್ತೆರಡು ಜನ. ಸಮುದಾಯ ಭವನದ ಫ್ಯಾನು ಇವತ್ತೂ ತಿರುಗಲಿಲ್ಲ. ವಿಮಲಾಕ್ಷಿ ಮೇಡಂ ಭ್ರಾಮರಿ ಮಾಡಿಸಿದರು — ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್ ಎನ್ನುವುದು. ಪಕ್ಕದ ಮನೆ ನೂರ್ಜಹಾನ್‌ಗೆ ನಗು ತಡೆಯಲಿಲ್ಲ.

"ಮೇಡಂ, ನಮ್ ಮನೆ ಮಿಕ್ಸೀನೂ ಹಿಂಗೇ ಯೋಗ ಮಾಡುತ್ತೆ!"

"ಮಿಕ್ಸಿ ಬಂದ್ ಆದ ಮ್ಯಾಲೆ ಅಡಿಗಿಮನಿ ಎಷ್ಟ್ ತಣ್ಣಗಾಗತೈತಿ ನೋಡವಾ. ಅದ ನಮಗ ಬೇಕು."

ಏಳೂವರೆಗೆ ಕ್ಯಾಬ್ ತೆಗೆದುಕೊಂಡು ಮಾರತ್ತಹಳ್ಳಿಗೆ ಹೊರಡುವ ತನಕ ಇವರು ತಮ್ಮ ತಾಯಿಯ ಪಕ್ಕ ಇರುತ್ತಾರೆ. ಅಷ್ಟು ಹೊತ್ತು ನನ್ನದು. ಆಮೇಲೆ ಮರೆವು ಹಿಡಿದ ಅತ್ತೆ ನನ್ನ ಪಾಲು.

ಇವತ್ತು ಗಂಜಿ ಕುಡಿಸುವಾಗ ಅತ್ತೆ ನನ್ನ ಕೂದಲು ಹಿಡಿದು ಎಳೆದರು. ನನ್ನ ಕೈ ಮೇಲೆದ್ದಿತು. ನಾಲ್ಕು ಎಣಿಸುತ್ತಾ ಒಳಗೆ, ಎಂಟು ಎಣಿಸುತ್ತಾ ಹೊರಗೆ... ಕೈ ಇಳಿಯಿತು. ಮೂರು ತಿಂಗಳ ಹಿಂದೆ ಇಳಿಯುತ್ತಿರಲಿಲ್ಲ.

ಜೂನ್ 13, ಶುಕ್ರವಾರ. ಮಧ್ಯಾಹ್ನ

ಹೇಳಿಬಿಟ್ಟೆ. ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ, ಮೇಡಂ ಒಬ್ಬರಿಗೇ.

ಫೆಬ್ರವರಿಯ ಆ ದಿನ. ಅತ್ತೆ ಎರಡು ಸಲ ರಸ್ತೆಗೆ ಓಡಿದ್ದರು. ಹಾಲು ತರಬೇಕಿತ್ತು. ಹಳೇ ಕೆಂಪು ಸೀರೆ ಹರಿದು ಅತ್ತೆಯ ಕೈಯನ್ನು ಮಂಚದ ಕಾಲಿಗೆ ಕಟ್ಟಿದೆ. ಹತ್ತು ನಿಮಿಷಕ್ಕೆಂದು ಹೋದವಳು. ಹಾಲು ತೆಗೆದುಕೊಂಡರೂ ಕಾಲು ಮನೆ ಕಡೆ ತಿರುಗಲಿಲ್ಲ. ಬಸ್ ಸ್ಟಾಪಿನ ಗಾಡಿ ಮುಂದೆ ನಿಂತು ಒಂದು ಪ್ಲೇಟ್ ಗೋಬಿ ತಿಂದೆ. ಬಸ್ಸುಗಳನ್ನು ನೋಡುತ್ತಾ ನಿಂತೆ. ಒಂದು ಗಂಟೆಯ ಮೇಲಾಯಿತು. ಬಂದು ನೋಡಿದರೆ ಹಾಸಿಗೆ ಒದ್ದೆ, ಮಣಿಕಟ್ಟು ಕೆಂಪಗೆ. ಅತ್ತೆ ನನ್ನನ್ನು "ಅಮ್ಮಾ" ಎಂದರು.

ಇವರಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಗೆ ಹೇಳಲಿ?

ಮೇಡಂ ಬೈಯಲಿಲ್ಲ. ಎರಡೂ ಕೈ ಹಿಡಿದುಕೊಂಡರು. "ಅಳು ಪೂಜಿತಾ. ಇದು ನನ್ನ ಹೊಟ್ಟ್ಯಾಗ ಇರತೈತಿ."

ಈಗ ಅತ್ತೆ ಮಲಗಿದಾಗ ನನಗೂ ನಿದ್ದೆ ಬಂತು. ಎಷ್ಟೋ ತಿಂಗಳಾದ ಮೇಲೆ.

ಜೂನ್ 21, ಶನಿವಾರ. 12.30

ಯೋಗ ದಿನಕ್ಕೆ ಇಂದಿರಾನಗರದ ದೊಡ್ಡ ಹಾಲ್; ಅತ್ತೆಯ ಪಕ್ಕ ಇವತ್ತು ಇವರು ಇದ್ದರು. ಇನ್ನೂರು ಜನ ಇರಬಹುದು. ನಮ್ಮ ಮರ್ಫಿ ಟೌನ್ ಬ್ಯಾಚ್ ಮೂರನೇ ಸಾಲಿನಲ್ಲಿ. ಮೇಡಂ ಮೈಕ್ ಹಿಡಿದರು.

"ನಮ್ಮಾಕಿ ಒಬ್ಬಾಕಿ ಅದಾಳ. ಹೆಸರು ಹೇಳಂಗಿಲ್ಲ. ಅಕಿ ಅತ್ತೀಗೆ ಮರವು..."

ಕೆಂಪು ಸೀರೆ ಬಂತು. ಮಂಚ ಬಂತು. ಹಾಲು ಬಂತು. ಆಮೇಲೆ ಸ್ವಲ್ಪ ತಡೆದು — "ಅಕಿ ಏನ್ ಮಾಡಿದ್ಲು ಹೇಳ್ರಿ? ಗೋಬಿ ಮಂಚೂರಿ ತಿಂದ್ಲು!"

ಹಾಲ್ ನಕ್ಕಿತು. ಇನ್ನೂರು ಜನ ನಕ್ಕರು.

ಮುಂದಿನದಕ್ಕೆ ಕಣ್ಣು ಒರೆಸಿಕೊಂಡರು. ಚೆನ್ನಾಗಿಯೇ ಹೇಳಿದರು, ಸುಳ್ಳು ಯಾಕೆ ಬರೆಯಲಿ. ನೂರ್ಜಹಾನ್ ನನ್ನ ಮುಖ ನೋಡಿದಳು. ಮರುಕ್ಷಣ ತನ್ನ ಕಾಲು ನೋಡಿಕೊಂಡಳು. ಯಾರ ಅತ್ತೆ ರಸ್ತೆಗೆ ಓಡುತ್ತಾರೆ ಎಂದು ಆ ಸಾಲಿಗೆಲ್ಲ ಗೊತ್ತು.

ಕೊನೆಗೆ ಭ್ರಾಮರಿ. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನೂ.

ಅದೇ ದಿನ, ಸಂಜೆ 4

ಹಾಲ್‌ನಲ್ಲೇ ಕೇಳಿದ್ದೆ. ಆಗ ಬರೆಯಲು ಕೈ ಬರಲಿಲ್ಲ.

"ಹೊಟ್ಟೇಲಿ ಇರುತ್ತೆ ಅಂದಿದ್ರಲ್ಲ ಮೇಡಂ?"

"ಹೆಸರು ಹೇಳಿಲ್ಲಲ್ಲವಾ."

"ಗೋಬಿ ಯಾಕೆ ಹೇಳಿದ್ರಿ?"

"ಅದಿಲ್ಲಂದ್ರ ಎದಿಗೆ ಮುಟ್ಟಂಗಿಲ್ಲ. ಇವತ್ತ ಎಷ್ಟ್ ಮಂದಿಗೆ ಧೈರ್ಯ ಬಂತು ನೋಡು."

"ನನ್ದು ಹೋಯ್ತಲ್ಲ ಮೇಡಂ."

ತಮಾಷೆ ಎಂದುಕೊಂಡರೋ ಏನೋ. ನಕ್ಕು ಬೆನ್ನು ತಟ್ಟಿದರು. ಮನೆಗೆ ಬಂದು ಫೋನ್ ನೋಡಿದರೆ ವಿಡಿಯೋ ಆಗಲೇ ಗ್ರೂಪಿನಲ್ಲಿದೆ. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು.

ಜೂನ್ 24, ಮಂಗಳವಾರ

ನಾದಿನಿ ಮೋನಿಷಾ ಕೆ.ಆರ್. ಪುರದಿಂದ ಆಟೋದಲ್ಲಿ ಬಂದಳು. ಚಪ್ಪಲಿ ಸಹ ಬಿಡಲಿಲ್ಲ. ಯಾರೋ ಕಳಿಸಿದ ಆ ವಿಡಿಯೋ ಹಾಕಿ ಇವರ ಮುಂದೆ ಫೋನ್ ಹಿಡಿದಳು. ಗೋಬಿ, ನಗು, ಎಲ್ಲ ಇನ್ನೊಮ್ಮೆ ಕೇಳಿಸಿತು.

"ಅತ್ತಿಗೆ, ಇದು ನೀವೇನಾ? ಹೌದು ಇಲ್ಲ, ಅಷ್ಟೇ ಹೇಳಿ."

"ಹೌದು."

"ನೋಡ್ದಾ ಅಣ್ಣ? ನಮ್ಮಮ್ಮ ಏನು ಹಸುನಾ, ಕಟ್ಟಾಕೋಕೆ?"

ಇವರು ಮೊದಲು ಕೇಳಿದ್ದು — "ಗೋಬಿ ತಿಂದ್ಯಾ?"

ಅಮ್ಮ ಇನ್ನು ತನ್ನ ಮನೆಯಲ್ಲೇ ಇರಲಿ ಎಂದಳು ಮೋನಿಷಾ. ಅತ್ತೆಯ ನೈಟಿ, ಮಾತ್ರೆ, ಸ್ವೆಟರ್ ಎಲ್ಲ ನಾನೇ ಬ್ಯಾಗಿಗೆ ಹಾಕಿದೆ. ಯಾವ ಮಾತ್ರೆ ಯಾವಾಗ ಎಂದು ಚೀಟಿ ಬರೆದೆ. ಮೋನಿಷಾ ಚೀಟಿ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. ಅತ್ತೆ ಬಾಗಿಲ ಚಿಲಕ ಬಿಡಲೇ ಇಲ್ಲ. ಬೆರಳು ಬಿಡಿಸಿದವರು ಇವರು.

ಜುಲೈ 5, ಶನಿವಾರ

ಕ್ಲಾಸಿಗೆ ಹೋಗಿಲ್ಲ. ಮೇಡಂ ಮೂರು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಇವರ ಮಾತು ಈಗ ಉಪ್ಪು ಹೆಚ್ಚು, ಉಪ್ಪು ಕಡಿಮೆ ಎನ್ನುವಷ್ಟು.

ಬೆಳಿಗ್ಗೆ ಸಿಟ್ಟು ಬಂತು. ಖಾಲಿ ಮಂಚ ನೋಡಿ, ಬೇರೇನೂ ಅಲ್ಲ. ಉಸಿರು ಎಣಿಸಲು ಕುಳಿತೆ. ಎಣಿಕೆ ಮೇಡಂ ದನಿಯಲ್ಲಿ ಬಂತು. ಒಂದು... ಎರಡು... ಮಧ್ಯೆಯೇ ಎದ್ದುಬಿಟ್ಟೆ. ಅವರು ಕಲಿಸಿದ್ದು ಈಗಲೂ ಕೆಲಸ ಮಾಡುತ್ತದೆ. ಅದಕ್ಕೇ ಇನ್ನೂ ಸಿಟ್ಟು.

ಜುಲೈ 9, ಬುಧವಾರ. 11.30

ಮೋನಿಷಾ ಫೋನ್. ಮೊದಲು ಬರೀ ಅಳು. ಅತ್ತೆಗೆ ಏನಾದರೂ ಆಯಿತೇ ಎಂದು ಕೇಳಿದೆ.

"ಅಮ್ಮ ಚೆನ್ನಾಗೇ ಇದಾಳೆ ಅತ್ತಿಗೆ. ನಾನೇ... ಅಣ್ಣಂಗೆ ಹೇಳ್ಬೇಡಿ. ಯಾರ್ಗೂ ಹೇಳ್ಬೇಡಿ."

ಹೇಳಿದಳು. ಕೇಳಿದೆ.

"ನಿಮ್ಗೆ ಸಿಟ್ಟು ಬಂದಾಗ ಅದೇನೋ ಉಸಿರು ಬಿಡ್ತಿದ್ರಲ್ಲ. ಅದನ್ನ ಹೇಳ್ಕೊಡ್ತೀರಾ?"

ಫೋನ್ ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಕುರ್ಚಿ ಮೇಲೆ ಕೂರು, ಪಾದ ನೆಲಕ್ಕಿರಲಿ ಎಂದೆ. ನಾಲ್ಕು ಒಳಗೆ, ಎಂಟು ಹೊರಗೆ. ನಾನು ಎಣಿಸಿದೆ, ಅವಳು ಬಿಟ್ಟಳು. ಹತ್ತು ಸಲ. ದನಿ ನನ್ನದೇ ಇತ್ತು.

"ಭಾನುವಾರ ಅಮ್ಮನ್ನ ಅಲ್ಲಿಗೇ ಕರ್ಕೊಂಡ್ ಬರ್ಲಾ ಅತ್ತಿಗೆ?"

ಅದೇ ದಿನ, ಸಂಜೆ 7.30

ಇವರು ಬಂದವರೇ, ಊಟದ ಬ್ಯಾಗು ಕೈಯಲ್ಲೇ ಇತ್ತು — "ಮೋನಿಷಾ ಅಮ್ಮನ್ನ ವಾಪಸ್ ಕರ್ಕೊಂಡ್ ಬರ್ತಾಳಂತೆ. ನಿಂಗೇನಾದ್ರೂ ಅಂದ್ಲಾ?"

ಒಂದು ಮಾತು ಸಾಕಿತ್ತು.

"ಏನೂ ಅನ್ಲಿಲ್ಲ ರೀ."

"ದೊಡ್ಡ ಮನಸ್ಸು ಅವಳ್ದು. ಇಷ್ಟಾದ್ರೂ ನಿನ್ ನಂಬಿ ಬಿಡ್ತಿದಾಳೆ. ಇನ್ಮೇಲಾದ್ರೂ ಸರಿಯಾಗಿ ನೋಡ್ಕೊ."

ಮುಖ ತೊಳೆಯಲು ಹೋಗಿದ್ದಾರೆ. ನಲ್ಲಿಯ ಸದ್ದು ಕೇಳುತ್ತಿದೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಇಲ್ಲಾದರೂ ಬರೆದು ಹಗುರಾಗೋಣ. ಮೋನಿಷಾ ಹೇಳಿದ್ದು ಇಷ್ಟು: ಸೋಮವಾರ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅವಳು ಅತ್ತೆಯನ್ನು —

ಬೇಡ. ಇಲ್ಲೂ ಬೇಡ.