ಶೆನ್ ಆಂಟಿಯ ಗುಚಿನ್

ಪಾಯಿಂಟ್ ಕುಕ್, ಮೆಲ್ಬರ್ನ್
ಭಾನುವಾರ, ೪ ಮಾರ್ಚ್ ೨೦೦೭

ಪ್ರೀತಿಯ ಶ್ವೇತಕ್ಕಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಪಾಲಿಷ್ ಹಚ್ಚುವಾಗ ಅಂಗಡಿಯ ಹಿಂದಿನ ಬಾಗಿಲು ತೆಗೆದಿಡು ಅಂತ ಪ್ರತಿ ಸಲ ಹೇಳುತ್ತೇನೆ, ನೀನು ಧೂಳು ಬರ್ತದ ಅಂತ ಮುಚ್ಚುತ್ತೀ. ಧಾರವಾಡದಲ್ಲಿ ಸಿತಾರು ತಂಬೂರಿ ರಿಪೇರಿ ಮಾಡುವ ಹೆಂಗಸು ನೀನೊಬ್ಬಳೇ ಇರಬೇಕು, ಆರೋಗ್ಯ ನೋಡಿಕೋ. ನಾನು ಆರಾಮ ಇದ್ದೇನೆ. ಅಡುಗೆಮನೆ ಕಪಾಟಿನ ಫ್ಯಾಕ್ಟರಿಯಲ್ಲಿ ದಿನವಿಡೀ ಬಿಳಿ ಬೋರ್ಡು ಕೊಯ್ಯುವುದು, ಅಷ್ಟೇ.

ಈ ಸಲ ಅಪ್ಪ ಕಲಿಸಿದ ಕೆಲಸ ಮಾಡಿದೆ, ಅದನ್ನು ಹೇಳಬೇಕು. ಪಕ್ಕದ ಮನೆಯಲ್ಲಿ ಶೆನ್ ಆಂಟಿ ಅಂತ ಇದ್ದಾರೆ. ಎಪ್ಪತ್ತೆಂಟು ವರ್ಷ, ಚೀನಾದ ಸುಜೌ ಊರಿನವರು, ಗಂಡ ತೀರಿಕೊಂಡು ಹತ್ತು ವರ್ಷ. ಜನವರಿಯಲ್ಲಿ ಅವರ ಕಪಾಟಿನ ಬಾಗಿಲು ಸರಿಮಾಡಲು ಹೋದಾಗ ಟೇಬಲ್ಲಿನ ಮೇಲೆ ಉದ್ದನೆಯ ಕಪ್ಪು ವಾದ್ಯವೊಂದು ಕಂಡಿತು. ಗುಚಿನ್ ಅಂತ ಹೆಸರು. ಸಿತಾರಿನ ಹಾಗೆ ಬುರುಡೆ ಇಲ್ಲ, ಮೆಟ್ಟು ಇಲ್ಲ. ಎರಡು ಹಲಗೆ ಸೇರಿಸಿದ ಟೊಳ್ಳು ಪೆಟ್ಟಿಗೆ, ಏಳು ತಂತಿ, ಬೆರಳಿಡುವ ಗುರುತಿಗೆ ಹದಿಮೂರು ಚಿಪ್ಪಿನ ಚುಕ್ಕಿ. ಮೂರು ಸಾವಿರ ವರ್ಷದ ವಾದ್ಯವಂತೆ. ಮೊದಲು ಐದೇ ತಂತಿ ಇತ್ತು, ಇಬ್ಬರು ರಾಜರು ಒಂದೊಂದು ಸೇರಿಸಿದರು ಅಂತ ಕಥೆ. ಮೇಲಿನ ಉಬ್ಬು ಹಲಗೆ ಆಕಾಶ, ಕೆಳಗಿನ ಚಪ್ಪಟೆ ಹಲಗೆ ಭೂಮಿ. ಓದಿದವರು ಮನೆಯಲ್ಲಿ ಕೂತು ತಮ್ಮಷ್ಟಕ್ಕೆ ನುಡಿಸಿಕೊಳ್ಳುತ್ತಿದ್ದರಂತೆ. ದನಿ ಎಷ್ಟು ಸಣ್ಣದೆಂದರೆ ಆಂಟಿ ಫ್ರಿಜ್ ಆಫ್ ಮಾಡಿ ಕೇಳಿಸಿದರು. ಎಡಗೈ ಜಾರಿಸಿದಾಗ ಸ್ವರವೂ ಜೊತೆಗೇ ಜಾರುತ್ತದೆ, ಥೇಟ್ ನಮ್ಮ ಸಿತಾರಿನ ಮೀಂಡ್.

ಆದರೆ ಇಲ್ಲಿನ ಜನವರಿಯ ಬೇಸಿಗೆ ಬಿಸಿಲಿಗೆ ಹಲಗೆಗಳ ಅಂಟು ಬಿಟ್ಟು ತಂತಿ ಗುಂಯ್‌ಗುಡುತ್ತಿತ್ತು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್ ಆಗಿರುವ ಮೊಮ್ಮಗಳಿಗೆ ಏಪ್ರಿಲ್‌ನಲ್ಲಿ ಮದುವೆ, ಅವಳಿಗೆ ಇದನ್ನು ಕೊಡಬೇಕು ಅಂತ ಆಂಟಿಯ ಆಸೆ. ಎರಡು ಅಂಗಡಿಯವರು ಮುಟ್ಟಲೂ ಒಪ್ಪಿರಲಿಲ್ಲ. ಅವರ ತವರಿನಲ್ಲಿ ಮುನ್ನೂರು ವರ್ಷದಿಂದ ಬಂದದ್ದಂತೆ. ಚೀನಾದಲ್ಲಿ ೧೯೬೬ರ ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ ಮನೆಮನೆಗೆ ನುಗ್ಗಿ ಪುಸ್ತಕ, ವಾದ್ಯ ಎಲ್ಲ ಸುಟ್ಟರು. ಆಂಟಿಯನ್ನು ದೂರದ ಹಳ್ಳಿಗೆ ಕೂಲಿಗೆ ಕಳಿಸಿದರು. ಎಂಟು ವರ್ಷದ ಮೇಲೆ ತಿರುಗಿ ಬಂದರೆ, ಗಂಡ ಇದನ್ನು ಕೈಗಿಟ್ಟು, ಕಾಳಿನ ಕಣಜದಲ್ಲಿ ಬಚ್ಚಿಟ್ಟಿದ್ದೆ ಅಂದರಂತೆ.

ಗ್ಯಾರೇಜಿಗೆ ತಂದು, ಅಪ್ಪ ಮಾಡುತ್ತಿದ್ದಂತೆ ತೆಳು ಚಾಕು ಬಿಸಿಮಾಡಿ ಹಲಗೆ ಬಿಡಿಸಿದೆ. ಒಳಗೆ, ಕೆಳಗಿನ ಹಲಗೆಯಲ್ಲಿ ದನಿಗೆಂದು ಕೊರೆದ ತೂತುಗಳಿಂದ ಕಾಣದ ಮೂಲೆಯಲ್ಲಿ, ಕುಂಚದಿಂದ ಬರೆದ ಎರಡು ಸಾಲು. ಹಾಳೆಯ ಮೇಲೆ ನಕಲು ಮಾಡಿಕೊಂಡು ಫ್ಯಾಕ್ಟರಿಯ ಚೀನೀ ಪೇಂಟರ್‌ಗೆ ತೋರಿಸಿದೆ. ಅವನು ಎರಡು ಸಲ ಓದಿ ಹೇಳಿದ: ‘ಹಳೆಯದನ್ನು ನನ್ನೆದುರೇ ಸುಟ್ಟರು. ಇದನ್ನು ಮನೆಯ ತೊಲೆಯಿಂದ ನಾನು ಮಾಡಿದೆ, ೧೯೭೩. ಅವಳಿಗೆ ಗೊತ್ತಾಗದಿರಲಿ.’ ಸುಮ್ಮನೆ ಅಂಟಿಸಿಬಿಡು, ಮುದುಕಿಗೆ ಹೇಳಬೇಡ ಅಂತಲೂ ಅಂದ.

ಮೂರು ದಿನ ಎರಡೂ ಹಲಗೆ ಹಾಗೇ ಬಿದ್ದಿದ್ದವು. ಹೇಳಿದರೆ, ಆಂಟಿಯ ಗಂಡ ಸಾಯುವವರೆಗೂ ಕಾಪಾಡಿದ ಗುಟ್ಟನ್ನು ನಾನ್ಯಾರು ಒಡೆಯಲು? ಹೇಳದಿದ್ದರೆ, ಮದುವೆಯ ದಿನ ಆ ಹುಡುಗಿಗೆ ಸುಳ್ಳು ಕಥೆ ದಾಟಿಸುವುದರಲ್ಲಿ ನನ್ನ ಪಾಲೂ ಇರುತ್ತದೆ. ಕೊನೆಗೆ ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ ಅವರ ಮುಂದಿಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಅವನ ಅಕ್ಷರ ಯಾವಾಗಲೂ ಕೆಟ್ಟದೇ ಅಂತ ನಕ್ಕರು. ಆಮೇಲೆ, ನನಗೆ ಮೊದಲ ದಿನವೇ ಗೊತ್ತಾಗಿತ್ತು, ಅಂದರು. ಹಳೆಯದರ ನಾಲ್ಕನೇ ತಂತಿಯ ದನಿ ಸ್ವಲ್ಪ ಒರಟು, ಇದರದು ನಯ. ಮೇಲಾಗಿ ಅವನ ಬೆರಳ ತುಂಬ ಉಳಿಯ ಗಾಯ. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಅಂದೆ. ‘ಅಷ್ಟು ಕಷ್ಟಪಟ್ಟು ಮಾಡಿದ್ದ. ನಾನು ಖುಷಿಯಾದದ್ದು ನೋಡಿ ಆವತ್ತು ಎರಡು ಸಲ ಊಟ ಮಾಡಿದ.’ ಅಷ್ಟು ಹೇಳಿದವರು ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು. ಬಂದು, ಆ ಬರಹ ಅಳಿಸಬೇಡ ಅಂದರು. ಅದರ ಕೆಳಗೆ ಕುಂಚದಿಂದ ತಾವೂ ಬರೆದರು. ‘ಗೊತ್ತಿತ್ತು’ ಅಂತಂತೆ.

ಬಿಸಿ ಅಂಟು ಹಾಕಿ ಬಿಗಿದಿದ್ದ ಕಟ್ಟನ್ನು ನಿನ್ನೆ ಬಿಚ್ಚಿ ತಂತಿ ಏರಿಸಿದೆವು. ಗುಂಯ್ ಅನ್ನುವುದು ನಿಂತಿದೆ. ಮೊಮ್ಮಗಳಿಗೆ ನಿಜವನ್ನೇ ಹೇಳಿ ಕೊಡುತ್ತಾರಂತೆ: ಮುನ್ನೂರು ವರ್ಷದ್ದಲ್ಲ, ಮೂವತ್ನಾಲ್ಕು ವರ್ಷದ್ದು, ನಿನ್ನ ಅಜ್ಜ ಮಾಡಿದ್ದು.

ಅವ್ವನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ಮಕ್ಕಳಿಗೆ ಮುದ್ದು. ಹಿಂದಿನ ಬಾಗಿಲು ತೆಗೆದಿಡು.

ನಿನ್ನ ತಮ್ಮ
ಗುರು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು. ಅಪ್ಪ ಹೋದಾಗ ನೀನು ಫೋನಿನಲ್ಲಿ, ‘ಕಡೀಕ ನಿನ್ನ ಹೆಸರ ಹಿಡದ ಕರದ್ರೋ ಗುರೂ’ ಅಂದೆ. ಲಕ್ವ ಹೊಡೆದ ಮೇಲೆ ಸಾಯುವವರೆಗೆ ಆರು ದಿನ ಅಪ್ಪನಿಗೆ ಮಾತೇ ಬಂದಿರಲಿಲ್ಲ ಅಂತ ಅಂಗಡಿಯ ಸಿದ್ದಣ್ಣ ಆ ವಾರವೇ ಹೇಳಿದ್ದ. ಅಪ್ಪನ ಜೊತೆ ಜಗಳಾಡಿ ಊರು ಬಿಟ್ಟು ಬಂದವನಿಗೆ ಆ ಮಾತು ಬೇಕಾಗಿತ್ತು, ಅದಕ್ಕೇ ನಿನ್ನನ್ನು ಕೇಳಲಿಲ್ಲ. ನಾಲ್ಕು ವರ್ಷ ಅದರ ಮೇಲೆಯೇ ದಿನ ತೆಗೆದಿದ್ದೇನೆ. ಇನ್ನು ನೀನೊಬ್ಬಳೇ ಅದನ್ನು ಹೊರಬೇಡ. ಜೂನ್ ಎರಡಕ್ಕೆ ಟಿಕೆಟ್ ಬುಕ್ ಮಾಡಿದ್ದೇನೆ, ಬರುತ್ತೇನೆ. ಸಿದ್ದಣ್ಣನನ್ನು ಬೈಯಬೇಡ.