ಮುಚ್ಚಿದ ಗಾಳಿಕಿಂಡಿ

ಮಾರ್ಚ್ 9, ಭಾನುವಾರ

ಪ್ರೀತಿಯ ತಂಗಿಗೆ,

ಆಸ್ಪತ್ರೆಯಿಂದ ನೀನು ಬರೆದ ಕಾಗದ ಬಂದು ಮೂರು ವಾರ ಆಯ್ತು. ಅಣ್ಣ ಉತ್ತರ ಬರೀಲಿಲ್ಲ ಅಂತ ಮುನಿಸ್ಕೋಬೇಡ. ಡಿಪೋದಲ್ಲಿ ಮೈಮುರಿಯುವಷ್ಟು ಕೆಲಸ ಇದ್ದದ್ದು ನಿಜ. ಅದೊಂದೇ ಕಾರಣ ಅಂದ್ರೆ ಸುಳ್ಳು. ನಿನ್ನ ತೂಕ ಏರಿದೆ, ಕಫದಲ್ಲಿ ಕ್ಷಯದ ಕ್ರಿಮಿ ಕಾಣ್ತಿಲ್ಲ ಅನ್ನೋ ಸಾಲನ್ನ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ನಿನ್ನ ಟಿಕೆಟ್ ಚೀಲ ಹೆಗಲಿಗೇರಿಸಿ, "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಅಜ್ಜಿಯನ್ನ ಮನೆಯೆಲ್ಲ ಓಡಿಸ್ತಾಳೆ.

ಡಿಪೋ ಸುದ್ದಿ ಕೇಳು. ನಿನ್ನ ನಂತರ ಇನ್ನಿಬ್ಬರು ಕಂಡಕ್ಟರುಗಳಿಗೂ ಕ್ಷಯ ಅಂತ ಗೊತ್ತಾದ ಮೇಲೆ ಒಬ್ಬ ಡಾಕ್ಟರಮ್ಮ ಬಂದ್ರು, ಕೈಯಲ್ಲಿ, ಜನ ಬಿಟ್ಟ ಉಸಿರು ಗಾಳಿಯಲ್ಲಿ ಎಷ್ಟು ನಿಂತಿದೆ ಅಂತ ಅಳೆಯೋ ಪುಟ್ಟ ಮೀಟರು. ಜನ ತುಂಬಿದ ಬಸ್ಸಲ್ಲಿ ಅರ್ಧ ಗಂಟೆ ನಿಂತು ಇಳಿದು, "ಐವತ್ತು ಜನ ಬಿಟ್ಟ ಉಸಿರನ್ನೇ ಐವತ್ತು ಜನ ತಿರುಗಿ ಎಳ್ಕೋತಿದ್ದಾರಲ್ರೀ" ಅಂದ್ರು. ಹದಿನೈದು ದಿನ ಕೂತು ನಲವತ್ತು ಬಸ್ಸುಗಳ ಛಾವಣಿಯ ಗಾಳಿಕಿಂಡಿ ತೆರೆದ್ವಿ, ಫಿಲ್ಟರ್ ಬದಲಾಯಿಸಿದ್ವಿ, ತುಕ್ಕು ಹಿಡಿದ ಕಿಟಕಿ ಸರಿಯೋ ಹಾಗೆ ಮಾಡಿದ್ವಿ. ಮತ್ತೆ ಅಳೆದಾಗ ಮೀಟರಿನ ಅಂಕಿ ಅರ್ಧಕ್ಕಿಳಿದಿತ್ತು. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದ್ರು. ಭೂಮಿ ಬಾಯಿಬಿಡಬಾರದೇ ಅನ್ನಿಸ್ತು ನನಗೆ.

ಯಾಕಂದ್ರೆ ಛಾವಣಿ ಹತ್ತಿ, ಆ ಕಿಂಡಿಗಳ ಮೇಲೆ ತಗಡು ಬಡಿದು ಮುಚ್ಚಿದವನೂ ನಾನೇ. ಎರಡು ವರ್ಷದ ಹಿಂದೆ ಮಳೆ ನೀರು ಸೋರುತ್ತೆ ಅಂತ ದೂರು ಬಂದಿತ್ತು. ಕಿಂಡಿ ಸುತ್ತಿನ ರಬ್ಬರ್ ಬದಲಾಯಿಸೋಕೆ ಒಂದೊಂದು ಬಸ್ಸಿಗೆ ಅರ್ಧ ದಿನ ಬೇಕು, ತಗಡು ಬಡಿಯೋಕೆ ಹತ್ತು ನಿಮಿಷ. ಇದನ್ನ ಡಾಕ್ಟರಮ್ಮನ ಹತ್ತಿರ ಒಪ್ಪಿಕೊಂಡೆ. "ನಿಮ್ಮ ತಂಗಿಗೆ ಬಸ್ಸಲ್ಲೇ ತಗುಲ್ತು ಅಂತ ಖಚಿತವಾಗಿ ಹೇಳೋಕಾಗಲ್ಲ" ಅಂದ್ರು. ಆ ಸಮಾಧಾನ ಗಂಟಲಲ್ಲಿ ಇಳೀಲಿಲ್ಲ.

ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಬೇಗ ಗುಣವಾಗಿ ಮಗಳ ಹತ್ತಿರ ಬಾ. ನೂರು ಕಾಲ ಬಾಳು, ತಾಯಿ.

ನಿನ್ನ
ಅಣ್ಣ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು: ಹೋದ ವರ್ಷ ನೀನು, "ಅಣ್ಣಾ, ಉಸಿರು ಕಟ್ಟಿದ ಹಾಗಾಗುತ್ತೆ, ನನ್ನ ಬಸ್ಸಿನ ಕಿಂಡಿಯನ್ನಾದ್ರೂ ತೆಗೆದುಕೊಡು" ಅಂತ ಕೇಳಿದ್ದೆಯಲ್ಲ. ಮೂರನೇ ಸಲ ಕೇಳಿದಾಗ ನಾನು, "ತೆಗೆದಿದ್ದೀನಿ, ಹೋಗು" ಅಂದೆ. ತೆಗೆದಿರಲಿಲ್ಲ. ಒಳಗಿನಿಂದ ನೋಡಿದ್ರೆ ಜಾಲರಿ ಮಾತ್ರ ಕಾಣುತ್ತೆ, ನಿನಗೆ ಗೊತ್ತಾಗಲ್ಲ ಅಂತ ನನಗೆ ಗೊತ್ತಿತ್ತು. ಮಾರನೇ ದಿನ ಸಂಜೆ ನೀನೇ ಹುಡುಕಿಕೊಂಡು ಬಂದು, "ಈಗ ಎಷ್ಟೋ ವಾಸಿ ಅಣ್ಣಾ" ಅಂದಿದ್ದೆ.