ಗುರುಲಿಂಗವ್ವನ ಹೆಬ್ಬೆಟ್ಟಿನ ಕಾಗದ ಮರಳಿ ಕೊಡಿ

ವಿದೇಶಿಯರ ವಾಸ್ತವ್ಯ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಇಳಕಲ್ಲಿನಲ್ಲಿ ಇನ್ನೊಂದು ವರ್ಷ ಇರಲು ಲೊರೇನಳಿಗೆ ಅನುಮತಿ ಕೊಟ್ಟಿರಿ, ಅದೇ ಲಕೋಟೆಯಲ್ಲಿ ಅವಳ ಮನೆಯನ್ನು ಕಿತ್ತುಕೊಂಡಿರಿ. ತಮ್ಮ ಜಾಣತನಕ್ಕೆ ಶರಣು.

ಲೊರೇನ್ ಅಮೆರಿಕದ ಕಪ್ಪು ಜನಾಂಗದವಳು. ತನ್ನೂರಿನಲ್ಲಿ ಅಂಗಡಿಗೆ ಕಾಲಿಟ್ಟರೆ ಕಳ್ಳಿಯಂತೆ ನೋಡುತ್ತಾರೆಂದು ಬೇಸತ್ತು, ಸೀರೆ ನೇಯುವುದನ್ನು ಕಲಿಯುತ್ತೇನೆಂದು 1979ರಲ್ಲಿ ಇಲ್ಲಿಗೆ ಬಂದಳು. ನಮ್ಮೂರೇನು ಕೈಲಾಸವೇ? ಐಹೊಳೆಯ ಗುಡಿ ನೋಡಲು ಬರುವ ಬಿಳಿಯರಿಗೆ ಕುರ್ಚಿ ಹಾಕುವ ನಮ್ಮ ಜನ ಇವಳಿಗೆ ಬಾಡಿಗೆ ಮನೆ ಕೊಡಲಿಲ್ಲ. ಕೊಟ್ಟವಳು ನೇಕಾರ ಮುದುಕಿ ಗುರುಲಿಂಗವ್ವ. "ಕರಿ ಅದಾಳಂತ ಹೇಳಾಕ ಬಂದೀರೇನು? ನಾ ಏನ್ ಹಾಲಿನಂಗ ಬೆಳ್ಳಗ ಅದೀನೇನ್ರಿ?" ಎಂದು ಓಣಿಯವರ ಬಾಯಿ ಮುಚ್ಚಿಸಿದಳು. ಮುದುಕಿಯ ಕಣ್ಣು ಮಂಜಾದ ಮೇಲೆ ಮಗ್ಗದಲ್ಲಿ ಸೆರಗಿನ ಎಳೆಗಳನ್ನು ಸೀರೆಯ ಮೈಗೆ ಒಂದೊಂದಾಗಿ ಕೂಡಿಸುತ್ತಿದ್ದವಳು ಲೊರೇನಳೇ.

ಕಳೆದ ವರ್ಷ ಆ ಮನೆಯ ರೇಶನ್ ಕಾರ್ಡಿನ ಅರ್ಜಿ ತುಂಬಿದವನು ನಾನು, ಸಾಲಿ ಮಾಸ್ತರ. ಸಂಬಂಧ ಏನೆಂದು ಬರೆಯಲಿ ಎಂದೆ. "ಪಂಚಮಿಗೆ ಉಂಡಿ ಕೊಡ್ತೇನಿ, ಉಡಿ ತುಂಬ್ತೇನಿ. ಮಗಳಂತ ಬರೀರಿ, ಮಾಸ್ತರ" ಎಂದಳು. ಬರೆದೆ. ನಮ್ಮ ಕಡೆ ಹಾಗೆ ಉಡಿ ತುಂಬಿಸಿಕೊಂಡವಳು ಮಗಳೇ. ಈ ಸಲ ಅನುಮತಿಯ ಅರ್ಜಿಗೆ ಆ ಕಾರ್ಡನ್ನು ಲಗತ್ತಿಸಿದರೆ, ತಮ್ಮ ಕಚೇರಿಯಲ್ಲಿ ಅದು ಸುಳ್ಳು ದಾಖಲೆಯಂತೆ!

"ಈಕೆ ನನಗೆ ಏನೂ ಅಲ್ಲ" ಎಂದು ಮುದುಕಿ ಬರೆದುಕೊಟ್ಟರೆ ಮಾತ್ರ ಅನುಮತಿ ಎಂದಿರಿ. ಮುದುಕಿ ಮೂರು ತಾಸು ತಮ್ಮ ಕಚೇರಿಯ ಕಟ್ಟೆಯ ಮೇಲೆ ಕೂತು ಅತ್ತಳು. ಕೊನೆಗೆ ಹುಡುಗಿ ಉಳಿದರೆ ಸಾಕೆಂದು ಹೆಬ್ಬೆಟ್ಟು ಒತ್ತಿದಳು. ಒಬ್ಬ ತಾಯಿಯಿಂದ ಇಂಥದ್ದನ್ನು ಬರೆಸಿಕೊಳ್ಳಲು ತಮಗೆ ಯಾವ ಕಾನೂನು ಹೇಳಿತ್ತು, ಸ್ವಾಮಿ?

ತಮ್ಮ ಧಾರಾಳತನ ಅಷ್ಟಕ್ಕೇ ನಿಲ್ಲಲಿಲ್ಲ. ಅನುಮತಿಯ ಜೊತೆ ಆ ಹೇಳಿಕೆಯ ಪ್ರತಿಯನ್ನೂ ಲಗತ್ತಿಸಿ ಕಳಿಸಿದಿರಿ. ಕನ್ನಡ ಓದಲು ಬಾರದ ಲೊರೇನ್ ನನ್ನ ಕೈಗೆ ಕೊಟ್ಟು, "ಏನ್ ಬರದಾರ್ರಿ?" ಎಂದಳು. ಓದಿದೆ. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ!

"ನಮ್ಮೂರಾಗೂ ನಾ ಯಾರಿಗೂ ಏನೂ ಅಲ್ಲ, ಮಾಸ್ತರ. ಅದನ್ನ ಕೇಳಾಕ ಇಷ್ಟು ದೂರ ಬರಬೇಕಿತ್ತೇನ್ರಿ?" ಎಂದಳು. "ನಿನ್ನ ಉಳಿಸಿಕೊಳ್ಳಾಕ ಹೆಬ್ಬೆಟ್ಟು ಒತ್ತೇನಿ, ಮಗಳ" ಎಂದು ಮುದುಕಿ ಗೋಳಾಡಿದರೂ ಅವಳು ಟ್ರಂಕು ಕಟ್ಟುವುದನ್ನು ನಿಲ್ಲಿಸಲಿಲ್ಲ. ಮೊನ್ನೆಯಿಂದ ಆಕೆಯನ್ನು ಒಮ್ಮೆಯೂ ಅವ್ವಾ ಎಂದು ಕರೆದಿಲ್ಲ. ಸೋಮವಾರದ ಬಸ್ಸಿಗೆ ಹೊರಟಿದ್ದಾಳೆ.

ಅಷ್ಟರೊಳಗೆ ಆ ಹೆಬ್ಬೆಟ್ಟಿನ ಕಾಗದವನ್ನು ರದ್ದು ಮಾಡಿ ಮರಳಿ ಕಳಿಸಿ. ಸುಳ್ಳು ದಾಖಲೆಗೆ ಶಿಕ್ಷೆ ಬೇಕೇ ಬೇಕೆಂದರೆ ಬರೆದ ಕೈ ನನ್ನದು, ನನ್ನ ಮೇಲೆ ಖಟ್ಲೆ ಹಾಕಿ. ಎರಡೂ ಆಗದಿದ್ದರೆ ಕಳಿಸಿದ ಅನುಮತಿ ಪತ್ರವನ್ನು ತಾವೇ ಮರಳಿ ಇಟ್ಟುಕೊಳ್ಳಿ. ಇಲ್ಲಿ ಅದು ಬೇಕಾದವರು ಇರುವುದಿಲ್ಲ.

ಇಂತಿ,
ಆ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದ ಪಾಪಿ,
ಅಂದಾನಪ್ಪ ಮಾಸ್ತರ, ಇಳಕಲ್ಲ